ಹಿಂದೆ ನಿಂತಿದ್ದ ಒಣಕಡ್ಡಿ

"ಬುದ್ಧಿ, ಒಂದನ್ನು ಚೆನ್ನಾಗಿ ನೋಡಬೇಕು ಅಂದರೆ, ಅದಕ್ಕೆ ಅಡ್ಡ ಬರುವುದನ್ನೆಲ್ಲ ಪಕ್ಕಕ್ಕೆ ಸರಿಸಲೇಬೇಕಲ್ಲವೇ?" ಎಂದು ಕೊಟ್ರಯ್ಯ ಕೇಳಿದ.

ಗುರುಗಳು ಮಠದ ಜಗುಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಏನು ಅಡ್ಡ ಬಂತಪ್ಪಾ ನಿನಗೆ?" ಎಂದರು.

"ಧ್ಯಾನಕ್ಕೆ ಕೂರುತ್ತೇನೆ. ಇನ್ನೇನು ಮನಸ್ಸು ನಿಂತಿತು ಅನ್ನುವಾಗ ಕೆಮ್ಮು ಶುರುವಾಗುತ್ತದೆ."

ಕೆಮ್ಮು ನೀಲಪ್ಪಜ್ಜನದು. ನಲವತ್ತು ವರ್ಷ ಮಠದ ಒಲೆಯ ಮುಂದೆ ಕುಳಿತು, ಬಂದವರಿಗೆಲ್ಲ ಬೇಯಿಸಿ ಹಾಕಿದ ಮನುಷ್ಯ. ಈಗ ಕೈ ನಡುಗುತ್ತದೆ, ಹೊಗೆ ಕುಡಿದ ಎದೆ ಹಗಲೂ ಇರುಳೂ ಕೆಮ್ಮುತ್ತದೆ. ಅವನ ಕೋಣೆಗೂ ಕೊಟ್ರಯ್ಯನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ದಿನಕ್ಕೆ ಮೂರು ಸಲ ಬಿಸಿನೀರು, ಎರಡು ಸಲ ಗಂಜಿ ಕೊಡುವ ಕೆಲಸವೂ ಕೊಟ್ರಯ್ಯನದೇ. ಕೊಟ್ರಯ್ಯ ಆರು ವರ್ಷದವನಿದ್ದಾಗ ಮಠಕ್ಕೆ ಬಂದವನು. ಈಗ ಇಪ್ಪತ್ತಾರು ವರ್ಷ. ಓದಿಕೊಂಡಿದ್ದಾನೆ, ಒಂದು ಮಂಡಲ ಕಾಲ ಮೌನವ್ರತ ಹಿಡಿಯಬೇಕೆಂದು ಹಟ ಹಿಡಿದಿದ್ದಾನೆ.

"ಅಜ್ಜನಿಗೆ ತಂಗಿಯ ಮಗ ಒಬ್ಬನಿದ್ದಾನಂತೆ. ಅಲ್ಲಿಗೆ ಕಳಿಸಿದರೆ ಅವರಿಗೂ ಒಳ್ಳೆಯದು, ನನಗೂ ಒಳ್ಳೆಯದು" ಎಂದ ಕೊಟ್ರಯ್ಯ.

"ಕಳಿಸೋಣ. ನಾಳೆ ಬೆಳಿಗ್ಗೆಗೇ ಗಾಡಿಗೆ ಹೇಳಿದರಾಯಿತು" ಎಂದರು ಗುರುಗಳು. ಕೊಟ್ರಯ್ಯ ಇಷ್ಟು ಸಲೀಸಾಗಿ ಒಪ್ಪಿಗೆ ಸಿಗುತ್ತದೆಂದು ಎಣಿಸಿರಲಿಲ್ಲ. "ಅದಕ್ಕೆ ಮುಂಚೆ ಒಂದು ಕತೆ ಹೇಳುತ್ತೇನೆ, ಕೇಳು. ಸುಮ್ಮನೆ ಕೂರಬೇಡ, ಈ ಮೊರ ನಿನ್ನ ಕಡೆ ಎಳೆದುಕೋ. ಕಿವಿ ಕತೆಗೆ ಕೊಡು, ಕೈ ಹುಣಸೆಹಣ್ಣಿಗೆ ಕೊಡು."

ಗುರುಗಳು ಹೇಳಿದ ಕತೆ ಹೀಗಿತ್ತು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಊರು ಕೇಳುತ್ತೀಯ, ಊರು ಹೇಳಿದರೆ ಯಾರ ಪೈಕಿ ಅಂತ ಕೇಳುತ್ತೀಯ, ಕತೆ ಅಲ್ಲೇ ಕೂತುಬಿಡುತ್ತದೆ. ಬಸ್ ನಿಲ್ದಾಣದ ಎದುರಿಗೆ ಅವನದೊಂದು ಸ್ಟುಡಿಯೋ ಇತ್ತು, ಅಷ್ಟು ಸಾಕು.

ಮೂವತ್ತು ವರ್ಷದಿಂದ ಆ ಸೀಮೆಯ ಮದುವೆ, ಸೀಮಂತ, ಗೃಹಪ್ರವೇಶಗಳ ಫೋಟೋವೆಲ್ಲ ಅವನೇ ತೆಗೆದದ್ದು. ಅವನ ಬಾಯಲ್ಲಿ ಸದಾ ಒಂದೇ ಮಾತು: "ಸ್ವಲ್ಪ ಪಕ್ಕಕ್ಕೆ ಸರೀರಿ." ತಾಳಿ ಕಟ್ಟುವ ಹೊತ್ತಿಗೆ ಹುಡುಗಿಯ ಅಜ್ಜಿ ಅಕ್ಷತೆ ಹಿಡಿದು ಆಸೆಯಿಂದ ಮುಂದೆ ಬಂದರೆ, "ಅಮ್ಮಾ, ಸ್ವಲ್ಪ ಪಕ್ಕಕ್ಕೆ ಸರೀರಿ." ಮಂತ್ರ ಹೇಳುವ ಪುರೋಹಿತರಿಗೂ ಅದೇ ಮಾತು. ಒಂದು ಮದುವೆಯಲ್ಲಿ ಮದುಮಗನ ಅಪ್ಪನನ್ನೇ ಸರಿಸಿ ಸರಿಸಿ, ಕೊನೆಗೆ ಇಡೀ ಆಲ್ಬಮ್ಮಿನಲ್ಲಿ ಅಪ್ಪನೇ ಇಲ್ಲವೆಂದು ಆ ಮನೆಯವರು ಸ್ಟುಡಿಯೋಗೇ ಜಗಳಕ್ಕೆ ಬಂದಿದ್ದರು. ಆದರೆ ಫೋಟೋ? ಅದಕ್ಕೆ ಹೆಸರಿಡುವ ಹಾಗಿರಲಿಲ್ಲ. ಎದುರಿಗಿನ ಮುಖದ ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದಿತ್ತು. ಹಿಂದೆ ಇದ್ದದ್ದೆಲ್ಲ ಬಿಸಿ ಅನ್ನದ ಮೇಲಿನ ಬೆಣ್ಣೆಯಂತೆ ಕರಗಿಹೋಗಿರುತ್ತಿತ್ತು. "ಬ್ಯಾಕ್‌ಗ್ರೌಂಡ್ ಕರಗಬೇಕು ಕಣ್ರೀ. ಆಗಲೇ ಅದು ಫೋಟೋ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ.

ಅವನಿಗೆ ಒಂದೇ ಒಂದು ಆಸೆ. ಉತ್ತರದಲ್ಲಿ, ಹಿಮದ ಬೆಟ್ಟಗಳ ನಡುವೆ ಒಂದು ಕಣಿವೆ ಇದೆಯಂತೆ, ಬೇಸಿಗೆ ಕಳೆಯುವ ಹೊತ್ತಿಗೆ ಆ ಕಣಿವೆಗೆ ಕಣಿವೆಯೇ ಹೂ ಬಿಡುತ್ತದಂತೆ. ಅಲ್ಲಿಗೆ ಹೋಗಬೇಕು, ಮದುವೆ ಮನೆಯ ಹಾರದ ಹೂವಲ್ಲದ ಹೂಗಳ ಫೋಟೋ ತೆಗೆಯಬೇಕು. ಗೆಳೆಯರೆಲ್ಲ ಸೇರಿ ಆ ವರ್ಷ ಟಿಕೆಟ್ ಮಾಡಿಸಿದರು. ಚಿಕ್ಕದನ್ನು ದೊಡ್ಡದು ಮಾಡಿ ತೋರಿಸುವ ಹೊಸ ಲೆನ್ಸನ್ನೂ ಅವನು ಕೊಂಡ. ದಿನಾ ರಾತ್ರಿ ಊಟವಾದ ಮೇಲೆ ಅದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಒರೆಸಿ ಇಡುತ್ತಿದ್ದ. "ನನ್ನ ಮುಖ ಯಾವತ್ತಾದರೂ ಹೀಗೆ ಒರೆಸಿದ್ದೀರಾ?" ಎಂದು ಹೆಂಡತಿ ರೇಗಿಸುತ್ತಿದ್ದಳು.

ಹೊರಡುವುದಕ್ಕೆ ಮೂರು ತಿಂಗಳಿರುವಾಗ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆ, ಆಪರೇಷನ್, ಒಳಗೆ ರಾಡು, ಎಲ್ಲವೂ ಆಯಿತು. ಟಿಕೆಟ್ ರದ್ದು ಮಾಡಿಸಿದ.

ಎರಡು ತಿಂಗಳ ಮೇಲೆ ಡಾಕ್ಟರು ನೋಡಿ, "ಮೂಳೆ ಕೂಡಿದೆ. ಇನ್ನು ನಡೆಯಬೇಕು. ದಿನಕ್ಕೆ ನಾಲ್ಕೇ ಹೆಜ್ಜೆಯಾದರೂ ಸರಿ. ಈ ತಿಂಗಳು ಏಳದೆ ಹೋದರೆ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ಹಾಸಿಗೆಯೇ ಗತಿ" ಎಂದರು. ವಾಕರ್ ತಂದದ್ದಾಯಿತು. ಅವಳು ಒಂದು ದಿನ ಅದನ್ನು ಹಿಡಿದು ಎದ್ದು ನಿಂತಳು. ಕಾಲು ಗಡಗಡ ನಡುಗಿತು. ಬಚ್ಚಲಿನ ನೆಲ ಕಣ್ಣ ಮುಂದೆ ಬಂತು. "ನನ್ನ ಕೈಲಾಗಲ್ಲ" ಎಂದು ಕೂತವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನದಿಂದ ಆ ವಾಕರ್ ಮೇಲೆ ಒದ್ದೆ ಟವೆಲ್ ಒಣಗುತ್ತಿತ್ತು.

ಫೋಟೋಗ್ರಾಫರ್ ಕೆಟ್ಟವನಲ್ಲ. ಅನ್ನ ಮಾಡಿದ, ಬಟ್ಟೆ ಒಗೆದ, ಅವಳ ತಲೆ ಬಾಚಿದ. ಬೆಟ್ಟದ ಮಾತು ಒಂದು ದಿನವೂ ಎತ್ತಲಿಲ್ಲ. ಆದರೆ ಪಾತ್ರೆ ಇಡುವಾಗ ಸ್ವಲ್ಪ ಜೋರಾಗಿ ಇಡುತ್ತಿದ್ದ. ಹೆಂಡತಿಗೆ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಕೇಳಿದಳು, "ಹಿತ್ತಲಲ್ಲಿ ಏನೇನು ಹೂ ಬಿಟ್ಟಿದೆ ರೀ?"

"ಈ ಸುಡುಬಿಸಿಲಲ್ಲಿ ಏನು ಬಿಡುತ್ತೆ? ಮಣ್ಣು!"

"ನೋಡದೆ ಹೇಳಬೇಡಿ. ಮೂವತ್ತು ವರ್ಷದಲ್ಲಿ ಒಂದು ದಿನವಾದರೂ ಹಿತ್ತಲನ್ನ ಕಣ್ಣಿಟ್ಟು ನೋಡಿದ್ದೀರಾ ನೀವು? ಆ ಹೊಸ ಲೆನ್ಸು ಒರೆಸಿ ಒರೆಸಿ ಸವೆಸೋ ಬದಲು ಏನಾದರೂ ತೆಗೆದುಕೊಂಡು ಬನ್ನಿ. ನಾನಂತೂ ಹೋಗೋ ಹಾಗಿಲ್ಲ."

ಆ ಕೊನೆಯ ಮಾತಿಗೆ ಅವನು ಎದ್ದ.

ಹಿತ್ತಲೆಂದರೆ ಎಷ್ಟು ಮಹಾ? ಒಂದು ಬಟ್ಟೆ ಒಗೆಯುವ ಕಲ್ಲು, ಒಣಹಾಕುವ ಒಂದು ತಂತಿ, ಮೋಟುಗೋಡೆ, ಅದರಾಚೆ ಯಾರೂ ಕಟ್ಟದ ಒಂದು ಖಾಲಿ ಸೈಟು. ಒಗೆದ ನೀರು ಹರಿದ ಕಡೆ ಮಾತ್ರ ಒಂದಿಷ್ಟು ಹಸಿರು. ಅವನು ಗೊಣಗುತ್ತ ಬಗ್ಗಿದ. ಬಗ್ಗಿದರೆ ಸಾಲದೆಂದು ಕುಕ್ಕರುಗಾಲಲ್ಲಿ ಕೂತ. ಅದೂ ಸಾಲದೆಂದು ಹೊಟ್ಟೆಯ ಮೇಲೆ ಮಲಗಿದ. ಮುಖದ ಮುಂದೆ ನೆಗ್ಗಿಲು ಗಿಡ. ಮುಳ್ಳು ಚುಚ್ಚಿದಾಗ ಬೈದದ್ದು ಬಿಟ್ಟರೆ ಆ ಗಿಡದ ಜೊತೆ ಅವನಿಗೆ ಬೇರೆ ಪರಿಚಯವಿರಲಿಲ್ಲ. ಅದಕ್ಕೆ ಅಂಗಿಯ ಗುಂಡಿಯಷ್ಟು ಹಳದಿ ಹೂ. ಹೂವಿನ ಒಳಗೆ ಸಾಸಿವೆಯಷ್ಟು ಒಂದು ಹುಳ, ಪರಾಗ ಮೆತ್ತಿಕೊಂಡು ಹಾಯಾಗಿ ಕೂತಿತ್ತು. ಅವನು ಉಸಿರು ಬಿಗಿಹಿಡಿದ. ಎದ್ದು ಬರುವ ಹೊತ್ತಿಗೆ ಮೊಣಕೈ ತುಂಬ ಮುಳ್ಳು, ಒಲೆಯ ಮೇಲಿನ ಹಾಲು ಉಕ್ಕಿ ಆರಿತ್ತು.

ಹೆಂಡತಿ ಕ್ಯಾಮೆರಾದ ಹಿಂದಿನ ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಅಯ್ಯೋ, ಮೈಯೆಲ್ಲ ಅರಿಶಿನ ಬಳಿದುಕೊಂಡು ಕೂತಿದೆ ನೋಡ್ರೀ, ಮದುಮಗನ ಹಾಗೆ!" ಎಂದು ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದಿನಿಂದ ಅವನಿಗೆ ಹಿತ್ತಲಿನ ಹುಚ್ಚು ಹಿಡಿಯಿತು. ಬೆಳಕು ಹರಿಯುವ ಹೊತ್ತಿಗೆ ಹೋಗಿ ಮಣ್ಣಿನಲ್ಲಿ ಬೀಳುತ್ತಿದ್ದ. ವಿಷ್ಣುಕ್ರಾಂತಿಯ ನೀಲಿ ಹೂ ಬಿಸಿಲೇರುವ ಮುಂಚೆ ಅರಳುವುದನ್ನು ನೋಡಿದ. ಎಕ್ಕದ ಮೊಗ್ಗಿಗೆ ಹತ್ತಿದ ಹಳದಿ ಗಿಡಹೇನುಗಳನ್ನು ಇರುವೆಗಳು ದನ ಕಾದ ಹಾಗೆ ಕಾಯುವುದನ್ನು ನೋಡಿದ. ತುಂಬೆಹೂವಿನ ಮೇಲೆ ತುಂಬೆಯಷ್ಟೇ ಬೆಳ್ಳಗಿನ ಜೇಡ ಅಡಗಿ ಕೂತದ್ದನ್ನು ಮೂರನೆಯ ದಿನಕ್ಕೆ ಪತ್ತೆಹಚ್ಚಿದ. ಮೋಟುಗೋಡೆಯಾಚೆಯಿಂದ ನೆರೆಯವರು, "ಏನ್ ಸ್ವಾಮಿ, ಬೆಳಬೆಳಿಗ್ಗೆ ಏನು ಕಳಕೊಂಡ್ರಿ?" ಎಂದು ಕೇಳಿದರೆ, "ಕಳಕೊಂಡಿಲ್ಲ, ಸಿಕ್ಕಿದೆ" ಎನ್ನುತ್ತಿದ್ದ. ಬಿಸಿ ಕಾಫಿಯ ಜೊತೆ ಕ್ಯಾಮೆರಾವನ್ನೂ ಹೆಂಡತಿಯ ಕೈಗೆ ಕೊಡುತ್ತಿದ್ದ. ಅವಳು ಒಂದೊಂದರ ಹೆಸರು ಹೇಳುತ್ತಿದ್ದಳು. ಹೆಸರು ಗೊತ್ತಿಲ್ಲದ್ದಕ್ಕೆ ತಾನೇ ಇಡುತ್ತಿದ್ದಳು. ಮನೆಯಲ್ಲಿ ಪಾತ್ರೆಗಳ ಸದ್ದು ಅಡಗಿತು.

ಒಂದು ದಿನ ಅವನು ಬಾಯಿಬಿಟ್ಟು ಹೇಳಿದ, "ನೀನು ಬೀಳದೇ ಇದ್ದಿದ್ದರೆ ಇದನ್ನೆಲ್ಲ ನಾನು ಕಾಣ್ತಾನೇ ಇರಲಿಲ್ಲ ಕಣೇ. ನಿನ್ನಿಂದ ದೊಡ್ಡ ಉಪಕಾರವಾಯ್ತು."

"ಹಾಗಾದರೆ ಇನ್ನೊಂದು ಸಲ ಬೀಳಲಾ?"

"ಬೀಳೋದು ಬೇಡ. ಎದ್ದು ಬಂದು ನೋಡು. ಹಿಂದಿನ ಬಾಗಿಲಿಗೆ ಹದಿನೈದು ಹೆಜ್ಜೆ, ಎಣಿಸಿದ್ದೇನೆ."

ಅವಳು ಗೋಡೆಯ ಕಡೆ ತಿರುಗಿದಳು. ಡಾಕ್ಟರು ಹೇಳಿದ ತಿಂಗಳಲ್ಲಿ ಉಳಿದದ್ದು ಒಂದೇ ವಾರ. ಟವೆಲ್ ಹೊತ್ತ ವಾಕರ್ ಮೂಲೆಯಲ್ಲಿ ಹಾಗೇ ಇತ್ತು.

ಕೊಟ್ರಯ್ಯ, ಕೈ ನಿಂತಿತು ನೋಡು. ಬಿಡಿಸು, ಬಿಡಿಸು.

ಇನ್ನು ಕೇಳು. ಹುಚ್ಚು ಹಿಡಿದರೂ ಕಸುಬು ಬಿಡುತ್ತದೆಯೇ? ಹಿತ್ತಲಿನ ತುಂಬೆಗೆ ದಿನಾ ಬೆಳಿಗ್ಗೆ ದುಂಬಿಗಳು ಬರುತ್ತಿದ್ದವು. ಜೇನುನೊಣಕ್ಕಿಂತ ಕೊಂಚ ದಪ್ಪ, ಹೊಟ್ಟೆಗೆ ಹೊಳೆಯುವ ನೀಲಿ ಪಟ್ಟೆ. ಅದರಲ್ಲೊಂದು ನಾಲಿಗೆ ಚಾಚಿ ತುಂಬೆಯ ಮುಂದೆ ಗಾಳಿಯಲ್ಲೇ ನಿಂತದ್ದನ್ನು ಅವನು ಕಂಡ. ಅದರ ಫೋಟೋ ಸಿಕ್ಕರೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹೆಂಡತಿಯ ಮಂಚದ ಎದುರಿಗೆ ತೂಗುಹಾಕಬೇಕೆಂದುಕೊಂಡ. ಇಷ್ಟು ಒಳ್ಳೆಯ ಬುದ್ಧಿಯಿಂದಲೇ ಅವನು ಹೊರಟದ್ದು. ಆದರೆ ಎಷ್ಟು ತೆಗೆದರೂ ಹಿಂದುಗಡೆ ಏನೋ ಒಂದು ಗೀರು, ಒಂದು ಒಣಹುಲ್ಲು, ಒಂದು ಸೊಟ್ಟಕಡ್ಡಿ ಬಂದು ಫ್ರೇಮು ಕೆಡಿಸುತ್ತಿತ್ತು.

"ಸ್ವಲ್ಪ ಪಕ್ಕಕ್ಕೆ ಸರೀರಿ" ಎಂದ ಫೋಟೋಗ್ರಾಫರ್.

ಕುಡುಗೋಲು ತಂದು, ಆ ಒಂದು ತುಂಬೆಯನ್ನು ಬಿಟ್ಟು, ಅದರ ಹಿಂದೆ ಗೋಡೆಯ ತನಕ ಒಣಗಿ ನಿಂತದ್ದನ್ನೆಲ್ಲ ಸವರಿದ. ಪೊರಕೆ ಹಾಕಿ ಗುಡಿಸಿದ. ಕಸವನ್ನೆಲ್ಲ ಮೂಲೆಯಲ್ಲಿ ಗುಡ್ಡೆ ಮಾಡಿದ. ಆಮೇಲೆ ಮಲಗಿ ಕಾದ. ದುಂಬಿ ಬಂತು, ನಿಂತಿತು, ನಾಲಿಗೆ ಚಾಚಿತು. ಮೂವತ್ತು ವರ್ಷದಲ್ಲಿ ಅಂಥ ಫೋಟೋ ಅವನ ಕೈಯಿಂದ ಬಂದಿರಲಿಲ್ಲ. ರೆಕ್ಕೆಯ ನರ ನರವೂ ಕಾಣುತ್ತಿತ್ತು. ಹಿಂದೆ ಏನೇನೂ ಇಲ್ಲ, ಬರೀ ನುಣ್ಣನೆಯ ಬೆಳಕು.

ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಿಕೊಂಡೇ ಸಂಜೆ ಮನೆಗೆ ಬಂದ. ಹೆಂಡತಿಯ ಮುಂದೆ ಹಿಡಿದ. ಅವಳು ಕಣ್ಣರಳಿಸಿದಳು. "ಎಷ್ಟು ಚೆನ್ನಾಗಿದೆ ರೀ! ನಮ್ಮ ಹಿತ್ತಲಿಂದೇನಾ ಇದು?" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿತು. "ಈ ತುಂಬೆ ಹಿಂದೆ ಉತ್ತರಾಣಿಯದು ಒಂದು ಒಣಕಡ್ಡಿ ಇರಬೇಕಲ್ಲ?"

"ಇತ್ತು. ಅಡ್ಡ ಬರ್ತಿತ್ತು. ಎಲ್ಲ ಸವರಿ ಕ್ಲೀನ್ ಮಾಡಿದೆ."

ಅವಳು ಫೋಟೋವನ್ನು ಹಾಸಿಗೆಯ ಮೇಲೆ ಇಟ್ಟಳು. "ಅಯ್ಯೋ, ಎಂಥ ಕೆಲಸ ಮಾಡಿದಿರಿ. ಅವು ಅಲ್ಲೇ ಮಲಗೋದು" ಎಂದಳು.

"ಯಾವು?"

"ಇವೇ. ಈ ನೀಲಿ ಪಟ್ಟೆಯವು. ಗೂಡಿಲ್ಲ ಪಾಪ ಅವಕ್ಕೆ. ಹೊತ್ತು ಮುಳುಗುತ್ತಲೇ ಬಂದು ಆ ಕಡ್ಡಿಯನ್ನ ಬಾಯಲ್ಲಿ ಕಚ್ಚಿಕೊಂಡು, ಒಂದರ ಕೆಳಗೆ ಒಂದು ಸಾಲಾಗಿ ನಿದ್ದೆ ಮಾಡ್ತವೆ. ಬೆಳಗಾದರೆ ಹೋಗ್ತವೆ. ಮತ್ತೆ ಸಂಜೆಗೆ ಅದೇ ಕಡ್ಡಿ. ಸೀರೆಗೆ ಬೀಜ ಅಂಟುತ್ತೆ ಅಂತ ಆ ಉತ್ತರಾಣಿ ಕೀಳೋಕೆ ನಾನೇ ಹೋಗಿದ್ದೆ. ಇವು ಮಲಗಿದ್ದು ನೋಡಿ ಕೈ ಬರಲಿಲ್ಲ. ಆಮೇಲೆ ದಿನಾ ಒಣಗಿದ ಬಟ್ಟೆ ತೆಗೆಯೋಕೆ ಹೋದಾಗ ಎಣಿಸಿ ಬರ್ತಿದ್ದೆ. ಹನ್ನೊಂದು ಇದ್ದವು."

ಫೋಟೋಗ್ರಾಫರ್‌ಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸಂಜೆಯ ಬೆಳಕು ಸಾಲದೆಂದು ಅವನು ಆ ಹೊತ್ತಿನಲ್ಲಿ ಒಂದು ದಿನವೂ ಹಿತ್ತಲಿಗೆ ಹೋಗಿರಲಿಲ್ಲ.

ಅವನು ಹಿಂದಿನ ಬಾಗಿಲು ತೆಗೆದು ನೋಡಿದ. ಹೊತ್ತು ಮುಳುಗುತ್ತಿತ್ತು. ಗುಡಿಸಿದ ನೆಲದ ಮೇಲೆ, ಏನೂ ಇಲ್ಲದ ಗಾಳಿಯಲ್ಲಿ, ದುಂಬಿಗಳು ಸುತ್ತುತ್ತಿದ್ದವು. ಒಂದು ಬಂದು ಬರಿಗಾಳಿಯ ಮುಂದೆ ನಿಲ್ಲುವುದು, ಹಿಂದೆ ಸರಿಯುವುದು, ಗೋಡೆಯ ತನಕ ಹೋಗುವುದು, ಮತ್ತೆ ಅಲ್ಲಿಗೇ ಬರುವುದು. ಕೆಲಸ ಮುಗಿಸಿ ಮನೆಗೆ ಬಂದವನಿಗೆ ಮನೆಯೇ ಇಲ್ಲದಿದ್ದರೆ ಹೇಗೆ ನಿಲ್ಲುತ್ತಾನೋ ಹಾಗೆ. ಯಾವ ಮದುವೆಯಲ್ಲಿ ಯಾವ ಅಜ್ಜಿ ಅಕ್ಷತೆ ಹಿಡಿದುಕೊಂಡು ಹಿಂದೆ ಸರಿದಿದ್ದಳೋ, ಅವಳ ಮುಖ ಆ ಕ್ಷಣ ಅವನ ನೆನಪಿಗೆ ಬಂತು.

ಓಡಿಹೋಗಿ ಕಸದ ಗುಡ್ಡೆಯಿಂದ ಒಂದು ಉತ್ತರಾಣಿಯ ಕಡ್ಡಿ ಹಿರಿದ. ತುಂಬೆಯ ಹಿಂದೆ ಅಂದಾಜಿನಲ್ಲಿ ಚುಚ್ಚಿದ. ದುಂಬಿಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಿತ್ತು ಇನ್ನೊಂದು ಕಡೆ ಚುಚ್ಚಿದ. ಇಲ್ಲ. ಎಲ್ಲಿ ನೋಡಿದರೂ ಒಂದೇ ಸಮ ಸವರಿದ ಕೂಳೆ. ಯಾವುದು ಯಾವ ಗಿಡದ್ದು ಎಂದು ಹೇಳುವುದು ಹೇಗೆ?

ಆಗ ಅವನಿಗೆ ತನ್ನ ಫೋಟೋಗಳು ನೆನಪಾದವು. ಅದೇ ತುಂಬೆಯ ಸುತ್ತ ಹದಿನೈದು ದಿನದಿಂದ ತೆಗೆದದ್ದು ನಾನೂರಕ್ಕೂ ಮಿಗಿಲಾಗಿದ್ದವು. ಒಂದರಲ್ಲಾದರೂ ಆ ಕಡ್ಡಿ ಎಲ್ಲಿತ್ತೆಂದು ಕಾಣದೇ ಇದ್ದೀತೇ? ಕ್ಯಾಮೆರಾ ತಂದು ಒಂದೊಂದಾಗಿ ಸರಿಸಿ ನೋಡಿದ. ಹೂ ಕಂಡಿತು, ಹುಳ ಕಂಡಿತು, ಜೇಡದ ಎಂಟು ಕಾಲೂ ಕಂಡವು. ಹಿಂದೆ ಮಾತ್ರ, ಅಲ್ಲೊಂದು ಇಲ್ಲೊಂದು ಮಸುಕು ಗೀರು ಬಿಟ್ಟರೆ, ಎಲ್ಲವೂ ಕರಗಿತ್ತು. ನಾನೂರರಲ್ಲಿ ಒಂದೂ ಆ ಕಡ್ಡಿಯ ಜಾಗ ಹೇಳಲಿಲ್ಲ. ಅವನ ಕೈಚಳಕ ಅಷ್ಟು ಚೆನ್ನಾಗಿತ್ತು.

ಒಳಗೆ ಓಡಿದ. "ಎಲ್ಲಿತ್ತೇ ಅದು? ಬೇಗ ಹೇಳು, ಕತ್ತಲಾಗ್ತಿದೆ."

"ತುಂಬೆಯಿಂದ ಎರಡು ಗೇಣು, ಕಲ್ಲಿನ ಕಡೆಗೆ."

ಹೋಗಿ ಅಳೆದು ಚುಚ್ಚಿದ. ಆಗಲಿಲ್ಲ. ಮತ್ತೆ ಓಡಿ ಬಂದ. "ಆ ಕಡೆಗೋ, ಗೋಡೆ ಕಡೆಗೋ?"

"ಅಯ್ಯೋ, ನಾನು ಕಲ್ಲಿನ ಮೇಲೆ ಬಕೆಟ್ ಇಟ್ಟು ತಿರುಗಿದರೆ ಬಲಗೈಗೆ ಸಿಗೋ ಹಾಗಿತ್ತು ರೀ. ಇಲ್ಲಿ ಮಲಗಿ ಹೇಗೆ ಹೇಳಲಿ?"

ಅವನು ಬಾಗಿಲಲ್ಲಿ ನಿಂತ. ಅಂಗಿಗೆಲ್ಲ ಉತ್ತರಾಣಿ ಬೀಜ, ಕಣ್ಣಲ್ಲಿ ನೀರು. "ಇನ್ನೂ ಸುತ್ತುತ್ತಾ ಇದಾವೆ ಕಣೇ" ಎಂದ.

ಹೆಂಡತಿ ಅವನನ್ನು ನೋಡಿದಳು. ಮೂಲೆಯನ್ನು ನೋಡಿದಳು. "ಆ ಟವೆಲ್ ತೆಗೆದು ವಾಕರ್ ಈ ಕಡೆ ತನ್ನಿ" ಎಂದಳು.

ಅವಳು ಎದ್ದಳು. ಕಾಲು ಅವತ್ತಿನ ಹಾಗೇ ನಡುಗಿತು. ಅವಳು ಒಂದು ಹೆಜ್ಜೆ ಇಟ್ಟಳು, ನಿಂತಳು, ಹಲ್ಲು ಕಚ್ಚಿ ಇನ್ನೊಂದು ಇಟ್ಟಳು. ಎಲ್ಲಿ ಬೀಳುತ್ತಾಳೋ ಎಂದು ಅವನು ಎರಡೂ ಕೈ ಚಾಚಿಕೊಂಡು ಎದುರಿಗೇ ಹಿಂದೆ ಹಿಂದೆ ನಡೆಯುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತು ಉಸಿರು ಎಳೆದುಕೊಂಡು, "ಸ್ವಲ್ಪ ಪಕ್ಕಕ್ಕೆ ಸರೀರಿ. ದಾರಿ ಕಾಣಬೇಕಲ್ಲ" ಎಂದಳು.

ಅವನು ಸರಿದ. ಮೂವತ್ತು ವರ್ಷ ಊರನ್ನೆಲ್ಲ ಸರಿಸಿದವನು ಗೋಡೆಗೆ ಒತ್ತಿ ನಿಂತು ಹೆಂಡತಿಗೆ ದಾರಿ ಬಿಟ್ಟ.

ಅವಳು ಒಗೆಯುವ ಕಲ್ಲಿನ ತನಕ ಬಂದಳು. ಇಪ್ಪತ್ತೆರಡು ಹೆಜ್ಜೆ. ಕಲ್ಲಿಗೆ ಆತು ನಿಂತು, ಇಲ್ಲದ ಬಕೆಟ್ ಇಟ್ಟವಳ ಹಾಗೆ ತಿರುಗಿ, ಬಲಗೈ ಚಾಚಿದಳು. "ಇಲ್ಲಿ" ಎಂದಳು.

ಅಲ್ಲಿ ನೆಲ ಗಟ್ಟಿ. ಬೇಸಿಗೆಯ ನೆಲ, ಚುಚ್ಚಿದರೆ ಕಡ್ಡಿಯೇ ಮುರಿಯುವ ಹಾಗಿತ್ತು. ಅವನು ಕುಕ್ಕರುಗಾಲಲ್ಲಿ ಕೂತು, ಕಡ್ಡಿಯ ಬುಡವನ್ನು ಎರಡೂ ಕೈಯಲ್ಲಿ ನೆಲಕ್ಕೆ ಒತ್ತಿ ಹಿಡಿದ. ಕೈ ಅಲುಗಬಾರದೆಂದು ಮೊಣಕೈಯನ್ನು ಮೊಣಕಾಲಿಗೆ ಒತ್ತಿಕೊಂಡ.

ಒಂದು ದುಂಬಿ ಬಂತು. ಅವನ ಮೂಗಿನ ಮುಂದೆ ನಿಂತು, ಕಡ್ಡಿಯನ್ನು ಒಂದು ಸುತ್ತು ಹಾಕಿ, ಮೇಲುಗಡೆ ಕೂತಿತು. ಬಾಯಿಂದ ಕಡ್ಡಿ ಕಚ್ಚಿತು, ಕಾಲು ಮಡಚಿತು, ರೆಕ್ಕೆ ಮುಚ್ಚಿತು. ಅದರ ಕೆಳಗೆ ಇನ್ನೊಂದು ಬಂತು. ಆಮೇಲೆ ಎರಡು ಜೊತೆಯಾಗಿ ಬಂದು ಜಾಗಕ್ಕೆ ಸ್ವಲ್ಪ ತಳ್ಳಾಡಿ ಕೂತವು. ಹೆಂಡತಿ ಕಲ್ಲಿನ ಮೇಲೆ ಕೂತು ಪಿಸುದನಿಯಲ್ಲಿ ಎಣಿಸುತ್ತಿದ್ದಳು. ಒಂಬತ್ತು. ಎರಡು ಬರಲೇ ಇಲ್ಲ. ಅವು ಎಲ್ಲಿ ಹೋದವೋ.

"ಕ್ಯಾಮೆರಾ ಇಲ್ಲೇ ಕಲ್ಲಿನ ಮೇಲಿದೆ. ಕೊಡಲಾ?" ಎಂದಳು.

ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ ಒಂಬತ್ತು ದುಂಬಿಗಳು ಸಾಲಾಗಿ ಮಲಗಿದ್ದವು. ಹಿಮದ ಬೆಟ್ಟಕ್ಕೆ ಹೋದವರಿಗೂ ಇಂಥದ್ದು ಸಿಗದು. ಕೈ ಬಿಟ್ಟರೆ ಕಡ್ಡಿ ಬೀಳುತ್ತದೆ.

"ಬೇಡ. ಕೈ ಬಿಡುವಿಲ್ಲ" ಎಂದ ಫೋಟೋಗ್ರಾಫರ್. ಅವನಿಗೆ ಅಳು ಬಂತು, ಅಳುವಾಗ ಮೈ ಅಲುಗದಂತೆ ಅತ್ತ. ಹೆಂಡತಿ ಎದ್ದು ನಡೆದದ್ದಕ್ಕೆ, ಒಂಬತ್ತಾದರೂ ತಿರುಗಿ ಬಂದದ್ದಕ್ಕೆ, ಇಷ್ಟೆಲ್ಲ ತನ್ನ ಮನೆಯ ಬೆನ್ನಿಗೇ ಇದ್ದದ್ದಕ್ಕೆ ಅವನಿಗೆ ಯಾರಿಗೆ ಕೈಮುಗಿಯಬೇಕೆಂದು ತಿಳಿಯಲಿಲ್ಲ. ಮುಗಿಯಲು ಕೈಯೂ ಇರಲಿಲ್ಲ.

ಆಮೇಲೆ ಹೆಂಡತಿ ಕೂತಲ್ಲಿಂದಲೇ ಕೈಗೆ ಸಿಕ್ಕ ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿದಳು. ಅವನು ಕಡ್ಡಿಯ ಬುಡಕ್ಕೆ ಅವನ್ನು ಒತ್ತಿ ಒತ್ತಿ ಇಟ್ಟು, ನಿಂತಿತು ಎಂದು ಖಾತ್ರಿಯಾದ ಮೇಲೆ ಕೈ ತೆಗೆದ. ಬೆರಳು ಮರಗಟ್ಟಿತ್ತು.

ಮಾರನೆಯ ಸಂಜೆ ಅವಳು ತಾನಾಗಿ ವಾಕರ್ ಕೇಳಿದಳು, ಎಣಿಸಬೇಕಲ್ಲ ಎಂದು. ಅದರ ಮಾರನೆಯ ಸಂಜೆಯೂ ಕೇಳಿದಳು. ಮಳೆ ಹಿಡಿಯುವ ಹೊತ್ತಿಗೆ ವಾಕರ್ ಮತ್ತೆ ಟವೆಲ್ ಒಣಹಾಕುವುದಕ್ಕೇ ಆಯಿತು. ಈ ಸಲ ಅದಿಲ್ಲದೆಯೇ ಅವಳು ನಡೆಯುತ್ತಿದ್ದಳು, ಅಷ್ಟೇ.

ತುಂಬೆಯ ಮುಂದಿನ ದುಂಬಿಯ ಫೋಟೋವನ್ನು ಅವನು ಗೋಡೆಗೆ ಹಾಕಲಿಲ್ಲ. ಅವನ ಸ್ಟುಡಿಯೋದಲ್ಲಿ ಈಗ ಬೇರೊಂದು ಫೋಟೋ ಇದೆ. ಅದರಲ್ಲಿ ಒಗೆಯುವ ಕಲ್ಲು ಇದೆ, ತಂತಿಯ ಮೇಲೆ ಬಟ್ಟೆಯಿದೆ, ಮೋಟುಗೋಡೆಯಿದೆ, ಕಳೆಯಿದೆ, ಒಣಕಡ್ಡಿಯಿದೆ, ವಾಕರ್ ಹಿಡಿದ ಹೆಂಗಸಿದ್ದಾಳೆ. ಯಾವುದೂ ಕರಗಿಲ್ಲ. ಬಂದವರು, "ಇದರಲ್ಲಿ ಏನು ನೋಡಬೇಕು ಸಾರ್?" ಎಂದು ಕೇಳುತ್ತಾರೆ. "ನಿಧಾನವಾಗಿ ನೋಡಿ" ಎನ್ನುತ್ತಾನೆ. ಮದುವೆಗಳಿಗೆ ಈಗಲೂ ಹೋಗುತ್ತಾನೆ. ಅಜ್ಜಿ ಅಡ್ಡ ಬಂದರೆ ತಾನೇ ಎರಡು ಹೆಜ್ಜೆ ಹಿಂದೆ ಸರಿದು, ಅಜ್ಜಿಯನ್ನೂ ಸೇರಿಸಿ ತೆಗೆಯುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಒಂದು ಕಡೆ ಹಣ್ಣು, ಒಂದು ಕಡೆ ಬೀಜ ಗುಡ್ಡೆಯಾಗಿತ್ತು.

ಕೊಟ್ರಯ್ಯ ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದ, "ಕತೆ ಚೆನ್ನಾಗಿದೆ ಬುದ್ಧಿ. ಆದರೆ ಅದು ದುಂಬಿಯ ಮಾತಾಯಿತು. ನಾನು ಕೇಳಿದ್ದು ನನ್ನ ವ್ರತದ ಮಾತು. ಗಾಡಿಗೆ ಹೇಳಲೇ?"

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಬಿಸಿನೀರಿನ ಹೊತ್ತಾಗಿತ್ತು.

ಗುರುಗಳು ಕೈಗೆ ಅಂಟಿದ ಹುಣಸೆಯ ನಾರನ್ನು ಒರೆಸಿಕೊಳ್ಳುತ್ತ ಕೇಳಿದರು, "ಗಾಡಿಗೆ ಆಮೇಲೆ ಹೇಳುವೆಯಂತೆ. ಆರು ವರ್ಷದವನಾಗಿ ಈ ಮಠಕ್ಕೆ ಬಂದ ಹೊಸತರಲ್ಲಿ, ದಿನಾ ಸಂಜೆ ನೀನು ಯಾರ ಪಂಚೆಯ ಚುಂಗು ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದೆ, ಕೊಟ್ರಯ್ಯ?"

ಕೊಟ್ರಯ್ಯ ಎದ್ದು, ನೀಲಪ್ಪಜ್ಜನ ಬಿಸಿನೀರಿಗೆ ಒಲೆಯ ಕಡೆ ನಡೆದ.